ನೆಲದಿಂದ ಏಳುವ ವಿದ್ಯೆ

ನಿವೃತ್ತಿ ಎಂಬ ಪದವನ್ನು ನನ್ನ ವಯಸ್ಸಿನವಳು ಬಳಸಿದರೆ ಕೇಳಿದವರು ನಗುತ್ತಾರೆ. ನನಗಿನ್ನೂ ಮೂವತ್ತೈದು ತುಂಬಿಲ್ಲ. ಆದರೂ ಮನೆಮನೆಗೆ ಹೋಗಿ ತೀರ ವಯಸ್ಸಾದವರಿಗೆ ಕೂರುವುದನ್ನೂ ಏಳುವುದನ್ನೂ ನಡೆಯುವುದನ್ನೂ ಮತ್ತೆ ಕಲಿಸುವ ಕೆಲಸದಿಂದ ಈ ವರ್ಷ ಹೊರಗೆ ಬಂದಿದ್ದೇನೆ. ಮರಳಿ ಹೋಗುವುದಿಲ್ಲ. ಕಾರಣ ನನ್ನ ಸ್ವಂತದ್ದು. ಈ ಬರಹಕ್ಕೆ ಅದು ಬೇಕಾಗಿಲ್ಲ.

ನನ್ನ ಜಾಗಕ್ಕೆ ಇಬ್ಬರು ಹುಡುಗಿಯರು ಬಂದಿದ್ದಾರೆ. ಫಿಸಿಯೋಥೆರಪಿ ಓದಿ ಈಗಷ್ಟೇ ಮುಗಿಸಿದವರು. ನನ್ನ ಬಳಿ 'ನೋಟ್ಸ್' ಕೇಳಿದರು. ಯಾವ ಸ್ನಾಯುವಿಗೆ ಯಾವ ವ್ಯಾಯಾಮ ಎನ್ನುವುದು ಪುಸ್ತಕದಲ್ಲಿದೆ, ಅದನ್ನು ಅವರು ನನಗಿಂತ ಚೆನ್ನಾಗಿ ಓದಿಕೊಂಡಿದ್ದಾರೆ. ಪುಸ್ತಕದಲ್ಲಿ ಇಲ್ಲದ ಕೆಲವನ್ನು ಬರೆಯುತ್ತಿದ್ದೇನೆ. ಸಂಬಳ ಏರಿದ್ದು, ಸಭೆಯಲ್ಲಿ ಶಾಲು ಹೊದಿಸಿದ್ದು ಇದರಲ್ಲಿ ಬರುವುದಿಲ್ಲ. ಅವು ಕೆಲಸದ ಭಾಗವೆಂದು ನನಗೆ ಯಾವತ್ತೂ ಅನ್ನಿಸಿಲ್ಲ.

ನಮ್ಮ ಕೇಂದ್ರ ಬೀದರಿನ ನೌಬಾದದಲ್ಲಿತ್ತು. ಎರಡು ಕೋಣೆ, ಒಂದು ಹಳೆಯ ಜೀಪು. ಜೀಪು ಔರಾದ ಮತ್ತು ಕಮಲನಗರದ ಕಡೆ ಹೋಗುತ್ತಿತ್ತು. ಭಾಲ್ಕಿಗೆ ಬಸ್ಸು. ಮುಖ್ಯಸ್ಥರು ದೇಶಮುಖ ಸರ್. ಸೇರಿದ ಮೊದಲ ದಿನ ನನ್ನ ಹೆಗಲ ಮೇಲಿನ ಬ್ಯಾಗನ್ನು ಅವರು ಕನ್ನಡಕದ ಮೇಲಿನಿಂದ ನೋಡಿದರು.

"ಏನವಾ, ಪೂರಾ ದವಾಖಾನಿನೇ ಹೊತ್ಕೊಂಡು ಬಂದೀಯಲಾ?"

ಕೀಲು ಎಷ್ಟು ಮಡಚುತ್ತದೆ ಎಂದು ಅಳೆಯುವ ಸಾಧನ, ಎಳೆಯುವ ರಬ್ಬರ್ ಪಟ್ಟಿ, ಶಾಖ ಕೊಡುವ ಪ್ಯಾಡ್, ಎಲ್ಲವನ್ನೂ ಹೆಸರಿಸಿದೆ.

"ಇರಲಿ. ಮೊದಲನೇ ದಿನ ಬ್ಯಾಗ್ ಬಿಚ್ಚಬ್ಯಾಡ. ಚಹಾ ಕೊಡ್ತಾರ, ಕುಡಿ. ಅವರು ಎಲ್ಲಿ ಕೂಡ್ತಾರ, ಎಲ್ಲಿಂದ ಏಳ್ತಾರ, ಬಚ್ಚಲಾ ಎಷ್ಟು ದೂರ ಅದ, ಹೊಸ್ತಿಲಾ ಎಷ್ಟು ಎತ್ತರ ಅದ, ಇಷ್ಟು ನೋಡ್ಕೊಂಡು ಬಾ."

"ಅಳತಿ ತಗೊಳ್ಳೂದು ಬ್ಯಾಡೇನ್ರಿ ಸರ್? ಎಷ್ಟು ಡಿಗ್ರಿ ಅಂತ?"

"ಮುದುಕರು ಗಡಿಯಾರದ ಮುಳ್ಳೇನು, ಡಿಗ್ರಿ ಅಳೀಲಿಕ್ಕ?"

ನನಗೆ ಸಿಟ್ಟು ಬಂದಿತ್ತು. ತೋರಿಸಲಿಲ್ಲ. ಅಳತೆ ಇಲ್ಲದೆ ಕೆಲಸ ಮಾಡುವುದು ನನ್ನ ಸ್ವಭಾವಕ್ಕೆ ಒಗ್ಗುವುದಿಲ್ಲ, ಈಗಲೂ ಒಗ್ಗುವುದಿಲ್ಲ. ಆದರೆ ಅವರು ಹೇಳಿದ ಹೊಸ್ತಿಲಿನ ಎತ್ತರವೂ ಒಂದು ಅಳತೆಯೇ ಎಂದು ಅರ್ಥವಾಗಲು ನನಗೆ ಹೆಚ್ಚು ದಿನ ಬೇಕಾಗಲಿಲ್ಲ. ತೊಂಬತ್ತರ ಮುದುಕಿಯ ಮಂಡಿ ಎಷ್ಟು ಮಡಚುತ್ತದೆ ಎಂಬುದಕ್ಕಿಂತ, ಆ ಮಂಡಿ ತನ್ನ ಮನೆಯ ಬಚ್ಚಲಿನ ಹೊಸ್ತಿಲನ್ನು ದಾಟುತ್ತದೋ ಇಲ್ಲವೋ ಎಂಬುದರ ಮೇಲೆ ಅವಳ ಇಡೀ ದಿನ ನಿಂತಿರುತ್ತದೆ. ತಂಬಿಗೆ ಎತ್ತುವುದು, ಸೆರಗು ಸರಿಮಾಡಿಕೊಳ್ಳುವುದು, ತಾನೇ ಬಾಯಿಗೆ ತುತ್ತು ಇಟ್ಟುಕೊಳ್ಳುವುದು, ಬಚ್ಚಲಿಗೆ ಹೋಗಿ ಬರುವುದು. ನಮ್ಮ ಕೆಲಸವೆಂದರೆ ಇವು ಕೈತಪ್ಪಿ ಹೋಗದಂತೆ ಕಾಯುವುದು. ಹೋಗಿದ್ದರೆ, ಆದಷ್ಟನ್ನು ವಾಪಸು ತರುವುದು.

ಔರಾದ ಹತ್ತಿರದ ಒಂದು ಹಳ್ಳಿಯಲ್ಲಿ ಮಲ್ಲಣ್ಣ ಮುತ್ಯಾ ಎಂಬ ಕುರಿಗಾರರಿದ್ದರು. ತೊಂಬತ್ತರ ಹತ್ತಿರ. ಎರಡು ಸಲ ಬಿದ್ದಿದ್ದರು. ಪುಸ್ತಕದ ಪ್ರಕಾರ ಅವರಿಗೆ ನಾಲ್ಕು ಕಾಲಿನ ವಾಕರ್ ಬೇಕು. ಕೊಟ್ಟು, ಹಿಡಿಯುವುದು ಹೇಗೆಂದು ಕಲಿಸಿ ಬಂದೆ. ಮುಂದಿನ ಸಲ ಹೋದಾಗ ಮುತ್ಯಾ ತಮ್ಮ ಉದ್ದದ ಕೋಲು ಹಿಡಿದು ಅಂಗಳದಲ್ಲಿ ನಿಂತಿದ್ದರು.

"ವಾಕರ್ ಎಲ್ಲಿ ಅದರಿ ಮುತ್ಯಾ?"

"ಅಲ್ಲೇ ಅದ ನೋಡ್ರಿ ಬಾಯಿ. ಭಾಳ ಬೇಶ್ ವಸ್ತು ಕೊಟ್ಟೀರಿ."

ವಾಕರನ್ನು ಕೊಟ್ಟಿಗೆಯ ಬಾಗಿಲಿಗೆ ಅಡ್ಡ ಇಟ್ಟು ಹಗ್ಗದಿಂದ ಕಟ್ಟಿದ್ದರು. ಅದರ ಹಿಂದೆ ಕುರಿಮರಿಗಳು ಮೂತಿ ಚಾಚಿ ನಿಂತಿದ್ದವು.

"ಇದು ನಿಮಗ ಕೊಟ್ಟದ್ದರಿ, ಮರಿಗೋಳಿಗಲ್ಲ."

"ನಾಕು ಕಾಲಿಂದು ತಗೊಂಡು ನಾ ಏನ ಮಾಡ್ಲಿ? ನಾಕು ಕಾಲಿನವು ನನ್ನ ಮನ್ಯಾಗ ಬೇಕಾದಷ್ಟು ಅವ."

ಜೀಪಿನ ಚಾಲಕ ಇಡೀ ದಾರಿ ಇದನ್ನೇ ಹೇಳಿ ನಕ್ಕ. ನಾನು ಮಾತ್ರ ಆ ಕೋಲಿನ ಬಗ್ಗೆ ಯೋಚಿಸುತ್ತಿದ್ದೆ. ಅದು ಹೆಗಲಿನಷ್ಟು ಎತ್ತರವಿತ್ತು. ನಮ್ಮ ಲೆಕ್ಕದಲ್ಲಿ ಊರುಗೋಲು ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಕತ್ತರಿಸೋಣವೇ ಎಂದು ಕೇಳಿದ್ದೆ. "ಕೋಲು ಗಿಡ್ಡಾದ್ರ ನಿಂತಾಗ ಗದ್ದಾ ಎಲ್ಲಿ ಇಡ್ಲಿ?" ಎಂದಿದ್ದರು. ಜೀವಮಾನವೆಲ್ಲ ಅವರು ದಣಿವಾರಿಸಿಕೊಂಡದ್ದು ಹಾಗೆ: ಕೋಲಿನ ತುದಿಯ ಮೇಲೆ ಎರಡೂ ಕೈ, ಕೈಗಳ ಮೇಲೆ ಗದ್ದ. ಅವರನ್ನು ನಡೆಸಿ, ತಿರುಗಿಸಿ, ನಿಲ್ಲಿಸಿ ನೋಡಿದೆ. ಕೋಲಿನಿಂದ ಅವರಿಗೆ ತೊಂದರೆ ಇರಲಿಲ್ಲ. ಅವರು ಬಿದ್ದ ಎರಡು ಸಲವೂ ಕುರಿಗಳಿಗೆ ನೀರಿಡುವ ಕಲ್ಲಿನ ಬಳಿ, ಒದ್ದೆ ಹಾಸುಗಲ್ಲಿನ ಮೇಲೆ ಕೋಲಿನ ಬುಡ ಜಾರಿ. ಸೈಕಲ್ ಅಂಗಡಿಯಿಂದ ಹಳೆಯ ಟಯರಿನ ತುಂಡು ತಂದು ಬುಡಕ್ಕೆ ಮೊಳೆ ಹೊಡೆದು ಕೂರಿಸಿದೆವು. ವಾಕರನ್ನು ಅಲ್ಲಿಯೇ ಬಿಟ್ಟೆ. ದೇಶಮುಖ ಸರ್ ಅದಕ್ಕೂ ಸಹಿ ಹಾಕಿದರು, "ಉಪಯೋಗದಲ್ಲಿದೆ" ಎಂದು ಬರೆದು.

ಕೆಲಸದ ರೀತಿ ನನ್ನ ಕಣ್ಣೆದುರೇ ಬದಲಾಯಿತು. ನಾನು ಸೇರಿದಾಗ ಜನ ಯಂತ್ರ ಕೇಳುತ್ತಿದ್ದರು. ಕರೆಂಟು ಕೊಡುವ ಯಂತ್ರ ಇಟ್ಟರೆ ಚಿಕಿತ್ಸೆ, ಬರಿಗೈಲಿ ಬಂದರೆ ಹರಟೆ. ಈಗ ಮೊಮ್ಮಕ್ಕಳು ಮೊಬೈಲಿನಲ್ಲಿ ಅಜ್ಜಿ ನಡೆಯುವ ವಿಡಿಯೋ ಕಳಿಸಿ, "ಬರೋಬರ್ ಅದ ಏನ್ರಿ ಮೇಡಂ?" ಎಂದು ಕೇಳುತ್ತಾರೆ. ಇದು ಒಳ್ಳೆಯ ಬದಲಾವಣೆ. ಆದರೆ ಬದಲಾಗದ ಒಂದು ಸಂಗತಿಯಿದೆ. ಅದನ್ನು ನೀವು ಮೊದಲ ವಾರದಲ್ಲೇ ಕಾಣುತ್ತೀರಿ. ನಮ್ಮ ಕಡೆ ಸೊಸೆಯನ್ನು ಹೊಗಳಬೇಕೆಂದರೆ, "ಅತ್ತೀಗಿ ಮಂಚದ ಮ್ಯಾಲಿಂದ ಕೆಳಗ ಇಳೀಲಿಕ್ಕ ಬಿಟ್ಟಿಲ್ಲ ನೋಡ್ರಿ" ಎನ್ನುತ್ತಾರೆ. ಮನಸ್ಸಿನಿಂದ ಹೊಗಳುವ ಮಾತು ಅದು. ಆ ಮಂಚದ ಮೇಲೆಯೇ ಕಾಲು ಸೋಲುತ್ತದೆ. ಪ್ರೀತಿಯ ಕೈಗಳು ಕಂಕುಳಿಗೆ ಬಂದು ಎತ್ತಿ ಎತ್ತಿ, ಕೊನೆಗೆ ತಾನಾಗಿ ಏಳುವುದು ಹೇಗೆಂಬುದನ್ನು ದೇಹ ಮರೆತುಬಿಡುತ್ತದೆ. ಈ ಕೈಗಳೊಂದಿಗೆ ನೀವು ಜಗಳ ಮಾಡುವ ಹಾಗಿಲ್ಲ. ಅವುಗಳಿಗೆ ಬೇರೆ ಕೆಲಸ ಕೊಡಬೇಕು.

ನನ್ನ ವೃತ್ತಿಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಹೆಮ್ಮೆಪಡುವ ಕೆಲಸ ಭಾಲ್ಕಿಯದು. ಕಾಶಮ್ಮ ಎಂಬ, ತೊಂಬತ್ತು ದಾಟಿದ ಅಜ್ಜಿ. ಮನೆಯವರೂ ಓಣಿಯವರೂ ಆಯಿ ಎನ್ನುತ್ತಿದ್ದರು. ಮಗ ಗುರುನಾಥಪ್ಪನವರದು ತೊಗರಿ, ಕಡಲೆಯ ಅಡತಿ ಅಂಗಡಿ. ಬೀದರಿನ ಗಾಂಧಿ ಗಂಜ ಮಾರುಕಟ್ಟೆಗೆ ಲಾರಿ ಕಳಿಸುತ್ತಿದ್ದರು. ಸೊಸೆ ಶಕುಂತಲಾಬಾಯಿ. ಸೊಸೆಗೇ ಅರವತ್ತು ದಾಟಿತ್ತು, ಅವರಿಗೂ ಮಂಡಿನೋವು. ಆಯಿ ಬಚ್ಚಲಿನಲ್ಲಿ ಬಿದ್ದು ಬಲಗಡೆಯ ತೊಡೆಯ ಎಲುಬು ಮುರಿದು, ಒಳಗೆ ರಾಡ್ ಹಾಕಿದ್ದರು. ನಾನು ಹೋಗುವ ಹೊತ್ತಿಗೆ ಕೋಲು ಹಿಡಿದು ಪಡಸಾಲೆಯ ಈ ಕಡೆಯಿಂದ ಆ ಕಡೆಗೆ ನಡೆಯುತ್ತಿದ್ದರು. ಮನೆಯವರಿಗೆ ಅಷ್ಟರಲ್ಲೇ ತೃಪ್ತಿ. ಆಯಿಗೆ ಮಾತ್ರ ಇರಲಿಲ್ಲ.

"ನೋಡ ಬಾಯಿ," ಎಂದರು, "ನನಗ ಗುಡ್ಡಾ ಹತ್ತೂದು ಬ್ಯಾಡ, ಸಂತಿಗಿ ಹೋಗೂದು ಬ್ಯಾಡ. ನೆಲಕ್ಕ ಕೂಡಬೇಕು. ಪೂಜಾ ಮುಗಿಸಿ ನಾನೇ ಏಳಬೇಕು. ಯಾರ ಕೈನೂ ಬ್ಯಾಡ. ಬಾಗಲಾ ಹಾಕ್ಕೊಂಡು."

ಅವರು ದಿನವೂ ಇಷ್ಟಲಿಂಗ ಪೂಜೆ ಮಾಡುವವರು. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು, ಬಲಗೈಯಿಂದ ನೀರೆರೆದು, ಅದನ್ನೇ ನೋಡುತ್ತ ಕೂರುವ ಪೂಜೆ. ನೀರು ಕೆಳಗಿಟ್ಟ ತಟ್ಟೆಗೆ ಬೀಳುತ್ತದೆ. ಆಪರೇಷನ್ ಆದಮೇಲೆ ನೆಲಕ್ಕೆ ಕೂರಬಾರದೆಂದು ಹೇಳಿ ಕಳಿಸಿದ್ದರಿಂದ ಕುರ್ಚಿಯ ಮೇಲೆ ಕೂರಿಸುತ್ತಿದ್ದರು. ಕುರ್ಚಿಯ ಮೇಲೆ ಕುಳಿತರೆ ನೀರು ತೊಡೆಯ ಮೇಲೆ ಬೀಳುತ್ತದೆ. ಹಾಗಾಗಿ ದಿನವೂ ಶಕುಂತಲಾಬಾಯಿ ಪಕ್ಕದಲ್ಲಿ ನಿಂತು ಕೈಯ ಕೆಳಗೆ ತಟ್ಟೆ ಹಿಡಿಯಬೇಕು. ಮಠದ ಅಪ್ಪನವರು, "ಕುರ್ಚಿ ಆದ್ರೂ ನಡೀತದ, ಮನಸ್ಸು ಇದ್ರ ಸಾಕು" ಎಂದಿದ್ದರಂತೆ.

"ಅಪ್ಪೋರು ಹೂಂ ಅಂದಾರ. ನನಗ ಒಗ್ಗಂಗಿಲ್ಲ," ಎಂದರು ಆಯಿ. "ಲಿಂಗದ ಸಂಗಾಟ ನನ್ನವು ನಾಕು ಮಾತು ಇರ್ತಾವ. ಎಲ್ಲಾ ಸೊಸಿ ಮುಂದ ಆಡೂವಲ್ಲ."

"ನನ್ನ ಚಾಡಿನೇ ಹೇಳ್ತಿರಬೇಕ್ರಿ, ಮತ್ತೇನು," ಎಂದರು ಶಕುಂತಲಾಬಾಯಿ ಅಡುಗೆಮನೆಯಿಂದ.

"ನಿನ್ನ ಚಾಡಿಗಿ ಬಾಗಲಾ ಯಾಕ ಹಾಕ್ಲಿ? ಅದು ನಿನ್ನ ಮುಂದನೇ ಹೇಳ್ತೇನಿ."

ಬಾಗಿಲು ಮುಚ್ಚಿಕೊಳ್ಳಬೇಕೆನ್ನುವ ಆಸೆಯನ್ನು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ನಾನೂ ಅಂಥವಳೇ. ಬಿದ್ದ ದಿನದಿಂದ ಈ ಹೆಂಗಸು ಒಂದು ಗಳಿಗೆಯೂ ಒಬ್ಬಳೇ ಇರಲಿಲ್ಲ. ಸ್ನಾನಕ್ಕೆ ಒಬ್ಬರು, ಸೀರೆಗೆ ಒಬ್ಬರು, ಪೂಜೆಗೆ ಒಬ್ಬರು. ಎಲ್ಲರೂ ಒಳ್ಳೆಯವರು. ಬಾಗಿಲು ಮಾತ್ರ ಯಾವಾಗಲೂ ತೆರೆದೇ ಇರುತ್ತಿತ್ತು.

ಮೊದಲು ಸುಲಭದ ದಾರಿ ನೋಡಿದೆ. ಕುರ್ಚಿಯ ಮುಂದೆ ಟೇಬಲ್ ಇಟ್ಟು, ಟೇಬಲಿನ ಮೇಲೆ ತಟ್ಟೆ. ಸೊಸೆ ನಿಲ್ಲುವುದು ಬೇಡ. ಆಯಿ ಎರಡು ದಿನ ಸುಮ್ಮನೆ ಮಾಡಿದರು. ಮೂರನೆಯ ದಿನ ಟೇಬಲನ್ನು ದೂರ ತಳ್ಳಿ, "ಹೋಟೆಲ್‌ನಾಗ ಕುಂತಂಗ ಆಗ್ತದ. ಲಿಂಗದ ಮುಂದ ಇಡ್ಲಿ-ವಡಾ ಬರ್ತದೇನೋ ಅಂತ ದಾರಿ ನೋಡೂದಾಗ್ಯಾದ" ಎಂದರು.

ಇನ್ನು ನೆಲವೇ ಗತಿ. ಇಲ್ಲಿ ಒಂದು ಎಚ್ಚರಿಕೆ ಹೇಳುತ್ತೇನೆ: ಕೀಲಿನ ಚೆಂಡನ್ನೇ ಬದಲಿಸಿದ ಸೊಂಟಕ್ಕೆ ನೆಲ ಬೇರೆ ವಿಷಯ, ರಾಡ್ ಹಾಕಿ ಎಲುಬು ಕೂಡಿದ ತೊಡೆಗೆ ಬೇರೆ ವಿಷಯ. ಆಸ್ಪತ್ರೆಯಲ್ಲಿ ಎಲ್ಲರಿಗೂ ಒಂದೇ ಮಾತು ಹೇಳಿ ಕಳಿಸಿರುತ್ತಾರೆ, ಆ ಮಾತು ಮನೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹೊಸ ಎಕ್ಸ್‌ರೇ ತೆಗೆಸಿ ಬೀದರಿನ ಸರ್ಜನ್ ಹತ್ತಿರ ನಾನೇ ಒಯ್ದೆ. ಅವರು ಫಿಲ್ಮನ್ನು ಬೆಳಕಿಗೆ ಹಿಡಿದು, "ಎಲುಬು ಕೂಡೇದ. ಕೂತರ ಏನೂ ಆಗಂಗಿಲ್ಲ. ಬಿದ್ದರ ಆಗ್ತದ. ಬೀಳದಂಗ ನೋಡ್ಕೊಳ್ಳೂದು ನಿಮ್ಮ ಕೆಲಸ" ಎಂದರು. ದೇಶಮುಖ ಸರ್ ಸುಲಭಕ್ಕೆ ಒಪ್ಪಲಿಲ್ಲ.

"ತೊಂಬತ್ತು ದಾಟಿದವರಿಗಿ ನೆಲಕ್ಕ ಕೂಡಸ್ತೀ. ನಾಳಿ ಏನಾದ್ರೂ ಆದ್ರ ಭಾಲ್ಕಿಯಾಗ ನಮಗ ಯಾರೂ ನಿಲ್ಲಗೊಡಂಗಿಲ್ಲ."

"ಅವರು ಕೇಳಿದ್ದು ಅದೊಂದೇ ಸರ್."

ಸ್ವಲ್ಪ ಹೊತ್ತು ಪೆನ್ನಿನ ಟೋಪಿ ತೆಗೆದು ಹಾಕಿ ಮಾಡಿದರು. "ಬೇಶ್. ಖರೇ ಜಲ್ದಿ ಮಾಡಬ್ಯಾಡ. ಕೆಳಗ ಸಿಕ್ಕಿಬಿದ್ರ ಏನ್ ಮಾಡಬೇಕು, ಅದು ಮೊದಲ ಕಲಸು. ಏಳೂದು ಆಮ್ಯಾಲ."

ಹಾಗೆಯೇ ಮಾಡಿದೆ: ಕೆಳಗೆ ಸಿಕ್ಕಿಬಿದ್ದರೆ ಹೊರಳಿ, ಒರಗಿ ಕೂತು ಕೂಗುವುದು ಮೊದಲು, ಏಳುವುದು ಆಮೇಲೆ. ಏಳುವುದು ಮಂಚದ ಅಂಚಿನಿಂದ ಶುರು. ಅದು ಗಟ್ಟಿಯಾದ ಮೇಲೆ ಇನ್ನೂ ಕೆಳಗಿನ ಆಸನ ಬೇಕಾಯಿತು. ದೊಡ್ಡ ಆಸ್ಪತ್ರೆಗಳಲ್ಲಿರುವಂತೆ ಬೇಕಾದಷ್ಟು ಎತ್ತರಕ್ಕೆ ಏರಿಳಿಯುವ ಮೇಜು ನಮ್ಮ ಬಳಿ ಎಲ್ಲಿಯದು? ಗುರುನಾಥಪ್ಪನವರ ಅಂಗಡಿಯಿಂದ ಖಾಲಿ ತೊಗರಿ ಚೀಲಗಳನ್ನು ತರಿಸಿದೆ. ಹಮಾಲರೊಬ್ಬರು ಅವನ್ನು ಮಡಚಿ, ದಬ್ಬಣದಿಂದ ಹೊಲಿದು, ಕಲ್ಲಿನಂತೆ ಗಟ್ಟಿಯಾದ ದಿಂಬುಗಳನ್ನು ಮಾಡಿಕೊಟ್ಟರು. ಒಂದರ ಮೇಲೊಂದು ಪೇರಿಸಿ ಗೋಡೆಯ ಮೂಲೆಗೆ ಒತ್ತಿಟ್ಟೆವು. ಆಯಿ ಅದರ ಮೇಲಿಂದ ಎದ್ದು ಅಭ್ಯಾಸವಾದ ಹಾಗೆ ಒಂದೊಂದೇ ದಿಂಬು ತೆಗೆಯುತ್ತ ಬಂದೆ. ನೆಲ ಅವರ ಕಡೆಗೆ ಬರಲಿಲ್ಲ. ಅವರೇ ನಿಧಾನವಾಗಿ ನೆಲದ ಕಡೆಗೆ ಹೋದರು.

ಶಕುಂತಲಾಬಾಯಿಯವರ ಕೈಗಳದ್ದೇ ತೊಂದರೆ. ಆಯಿ ಏಳಲು ಮುಂದೆ ಬಾಗಿದರೆ ಸಾಕು, ಆ ಕೈಗಳು ತಾವಾಗಿಯೇ ಕಂಕುಳಿಗೆ ಹೋಗುತ್ತಿದ್ದವು. ಅಭ್ಯಾಸದ ಹೊತ್ತಿಗೆ ಅವರ ಮಡಿಲಿಗೆ ಒಂದು ಮೊರ ಮೆಂತ್ಯಪಲ್ಲೆ ಇಟ್ಟೆ. "ಸೋಸ್ರಿ. ಆಯಿ ಏಳೂತನಕ ಮೊರ ಕೆಳಗ ಇಡಬ್ಯಾಡ್ರಿ." ಅವರು ಸೋಸಿದರು, ಆದರೆ ಕಡ್ಡಿಯನ್ನು ಪಾತ್ರೆಗೂ ಎಲೆಯನ್ನು ನೆಲಕ್ಕೂ ಹಾಕುತ್ತ. ಪಕ್ಕದ ಮನೆಯಾಕೆ ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತು ನೋಡಿ, "ಏನ ಶಕುಂತಲಾ, ಈ ವಯಸ್ಸಿನಾಗ ಅತ್ತೀಗಿ ಕುಸ್ತಿಗಿ ಬಿಡ್ಲತ್ತೀ ಏನ?" ಎಂದರು. ಸೊಸೆಯ ಮುಖ ಕಪ್ಪಾಯಿತು. ಓಣಿಯವರು ತನ್ನನ್ನು ಏನೆಂದುಕೊಳ್ಳುತ್ತಾರೋ ಎನ್ನುವುದು ಅವರ ಮುಖದಲ್ಲಿ ಕಾಣುತ್ತಿತ್ತು. ಆಯಿಯೇ ಉತ್ತರ ಕೊಟ್ಟರು: "ಹೂಂ. ಜೋಡಿ ಸಿಕ್ಕಿಲ್ಲ. ನೀ ಬರ್ತೀ ಏನ ಒಳಗ?"

ಕೊನೆಗೆ ನೆಲ. ಬಲಗಾಲು ಮುರಿದದ್ದಾದ್ದರಿಂದ ಎಡಕ್ಕೆ ಹೊರಳುವುದು, ಎರಡೂ ಅಂಗೈ ನೆಲಕ್ಕೆ ಊರುವುದು, ಮಂಡಿಗೆ ಬರುವುದು, ಎಡ ಪಾದ ಮುಂದಿಡುವುದು, ಗೋಡೆಯ ಹತ್ತಿರದ ಮಂಚದ ಅಂಚು ಹಿಡಿದು ಮೇಲೇಳುವುದು. ಒಂದು ಮಧ್ಯಾಹ್ನ ಆಯಿ ಇಡೀ ಕ್ರಮವನ್ನು ತಾವೇ ಮಾಡಿ ನಿಂತರು. ಶಕುಂತಲಾಬಾಯಿಯ ಮೊರ ಕೆಳಗೆ ಬಿತ್ತು. ಮರುದಿನವೂ ಮಾಡಿದರು, ಅದರ ಮರುದಿನವೂ. ಸೋಮವಾರ ಬೆಳಿಗ್ಗೆ ನೆಲದ ಮೇಲೆ ಪೂಜೆ ಎಂದು ನಿಶ್ಚಯಿಸಿದೆವು. ನಾನು ಮೊದಲ ಬಸ್ಸಿಗೆ ಬಂದೆ.

ಪೂಜೆಯ ಹೊತ್ತು ಬಾಗಿಲು ಅರ್ಧ ಮುಚ್ಚಿತ್ತು. ಮುಗಿದ ಮೇಲೆ ಆಯಿ ಲಿಂಗವನ್ನು ವಸ್ತ್ರದಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡು ನನ್ನನ್ನು ಕರೆದರು. ಎಡಕ್ಕೆ ಹೊರಳಿದರು. ಅಲ್ಲಿಗೆ ನಿಂತರು. ಎಡಗೈ ನೆಲದಿಂದ ಗೇಣು ಮೇಲೆ, ಗಾಳಿಯಲ್ಲಿ.

"ಕೈ ಊರ್ರಿ ಆಯಿ."

"ಒಲ್ಲೆ."

"ನೋವು ಆಗ್ಲತ್ತದೇನ್ರಿ? ಭುಜಾ ಏನ್ರಿ?"

"ಭುಜಾ ಬೇಶ್ ಅದ. ಈಗಷ್ಟೇ ಲಿಂಗ ಕುಂತಿತ್ತು ಈ ಕೈಯಾಗ. ಇದನ್ನ ನೆಲಕ್ಕ ಒತ್ತಲಾ?"

 ಬಸ್ಸಿನ ವೇಳೆಗೆ ತಕ್ಕಂತೆ ನಾನು ಎಲ್ಲವನ್ನೂ ಮಧ್ಯಾಹ್ನ ಕಲಿಸಿದ್ದೆ. ಮಧ್ಯಾಹ್ನದ ಅಂಗೈ ಬರೀ ಅಂಗೈ. ಪೂಜೆ ಮುಗಿದ ಗಳಿಗೆಯ ಅಂಗೈ ಬೇರೆ. ಇದು ಎಲ್ಲರೂ ಪಾಲಿಸುವ ನಿಯಮವೇನಲ್ಲ, ಆಯಿಯ ಸ್ವಂತದ ನಡೆ. ಸೊಸೆಗೂ ಗೊತ್ತಿರಲಿಲ್ಲ. ಬೀಳುವ ಮೊದಲು ಆಯಿ ಯಾವ ಕೈಯನ್ನೂ ಊರದೆ ಏಳುತ್ತಿದ್ದರು, ಅದಕ್ಕೇ ಯಾರಿಗೂ ಕಂಡಿರಲಿಲ್ಲ.

ಬಲಕ್ಕೆ ಹೊರಳಿ ನೋಡಿದರು. ಮುರಿದ ಕಡೆಯ ತೊಡೆ ಭಾರ ತಡೆಯಲಿಲ್ಲ, ಧೊಪ್ಪನೆ ಕುಳಿತರು. ಮಗ ಓಡಿ ಬಂದರು. ಮಗನೂ ಸೊಸೆಯೂ ಎರಡು ಕಂಕುಳಿಗೆ ಕೈ ಹಾಕಿ, ಚೀಲ ಎತ್ತುವಂತೆ ಎತ್ತಿ ಮಂಚದ ಮೇಲೆ ಹಾಕಿದರು. ಏಟೇನೂ ಆಗಿರಲಿಲ್ಲ, ಒತ್ತಿ, ಮಡಚಿ ನೋಡಿ ಖಾತ್ರಿ ಮಾಡಿಕೊಂಡೆ. ಆಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

"ಆಯ್ತಲ್ಲರಿ ಮೇಡಂ," ಎಂದರು ಗುರುನಾಥಪ್ಪ. ದನಿ ಏರಿಸಲಿಲ್ಲ. "ಭಾಳ ತಕಲೀಫ್ ತಗೊಂಡ್ರಿ. ಇನ್ನ ಸಾಕು. ಕುರ್ಚಿನೇ ಬರೋಬರ್."

 ಎದ್ದು ಹೋಗುವುದು ಸುಲಭವಿತ್ತು. ಆದರೆ ಗೋಡೆಯ ಕಡೆ ತಿರುಗಿದ ಆ ಬೆನ್ನನ್ನು ಬಿಟ್ಟು ಬಸ್ಸು ಹತ್ತಲಾಗಲಿಲ್ಲ. ಮಂಚದ ಪಕ್ಕ ನೆಲದ ಮೇಲೆ ಕುಳಿತೆ. ಅಲ್ಲಿಂದಲೇ ಕೇಳಿದೆ:

"ಆಯಿ, ಕೈ ಅಂದ್ರ ಎಲ್ಲೀತನಕರಿ?"

ಆಯಿ ಸೆರಗನ್ನು ಇನ್ನಷ್ಟು ಮೇಲೆಳೆದುಕೊಂಡರು.

"ಲಿಂಗ ಕುಂತ ಕೈ ಅಂದ್ರಲ್ಲ. ಅದು ಎಲ್ಲೀತನಕ?"

ಬೆನ್ನು ಅಲುಗಿತು. ಆಯಿ ನಿಧಾನವಾಗಿ ಇತ್ತ ತಿರುಗಿ, ನಾನು ತಮಾಷೆ ಮಾಡುತ್ತಿಲ್ಲವಷ್ಟೆ ಎಂದು ನೋಡಿದರು. ಆಮೇಲೆ ಬಲಗೈಯ ಬೆರಳಿನಿಂದ ಎಡ ಮಣಿಕಟ್ಟಿನ ಮೇಲೆ ಗೆರೆ ಎಳೆದರು. "ಇಲ್ಲೀತನಕ."

"ಮೊಳಕೈ ನಡೀತದೇನ್ರಿ?"

ಆಯಿ ಯೋಚಿಸಿದರು. ನಿಜವಾಗಿಯೂ ಯೋಚಿಸಿದರು, ಹುಬ್ಬು ಕೂಡಿಕೊಂಡಿತ್ತು.

"ಮೊಳಕೈಯಾಗ ಏನದ? ಅದು ಬರೇ ಎಲುಬು."

ಗುರುನಾಥಪ್ಪ ಏನೋ ಹೇಳಲು ಬಾಯಿ ತೆರೆದರು. ಆಯಿ ಮಲಗಿದಲ್ಲಿಂದಲೇ, "ನೀ ಅಂಗಡಿಗಿ ಹೋಗು. ನಿನ್ನ ತೊಗರಿ ನೀ ನೋಡ್ಕೋ" ಎಂದರು.

ಆ ವಾರ ನಾನು ಬೀದರಿಗೆ ಹೋಗಲಿಲ್ಲ. ಭಾಲ್ಕಿಯಲ್ಲಿ ಗೆಳತಿಯೊಬ್ಬಳ ಮನೆಯಲ್ಲಿ ಉಳಿದೆ. ಅವಳ ಅಡುಗೆಮನೆಯ ನೆಲದ ಮೇಲೆ, ಬಾಗಿಲು ಹಾಕಿಕೊಂಡು, ಬಲಗಾಲು ಕೆಲಸಕ್ಕೆ ಬಾರದವಳಂತೆ ಮಾಡಿಕೊಂಡು, ಎಡ ಅಂಗೈ ಮೇಲ್ಮುಖವಾಗಿ ಇಟ್ಟು ಎದ್ದು ನೋಡಿದೆ. ಬರೀ ನೆಲಕ್ಕೆ ಮೊಳಕೈ ಊರಿದರೆ ದೇಹ ತೀರ ಕೆಳಗೆ ಬಾಗಿ ಮತ್ತೆ ಏಳಲಾಗುವುದಿಲ್ಲ. ಎಡಗಡೆ ಒಂದು ಎತ್ತರದ ಮಣೆ ಇಟ್ಟು ಅದರ ಮೇಲೆ ಮೊಳಕೈಯಿಂದ ಮಣಿಕಟ್ಟಿನ ಹತ್ತಿರದವರೆಗೆ ತೋಳನ್ನು ಇಟ್ಟರೆ ಭಾರ ಸರಿಯಾಗಿ ಕೂರುತ್ತದೆ, ಬಲಗೈ ನೆಲಕ್ಕೆ ಊರಬಹುದು. ಮಣೆ ಮಾತ್ರ ನೆಲದ ಫರ್ಸಿಕಲ್ಲಿನ ಮೇಲೆ ಜಾರುತ್ತಿತ್ತು. ಅದರ ತಳಕ್ಕೆ ತೊಗರಿ ಚೀಲದ ತುಂಡು ಅಂಟಿಸಿದೆ. ಜಾರುವುದು ನಿಂತಿತು.

ಈ ಸಲ ಅಭ್ಯಾಸವೆಲ್ಲ ಬೆಳಿಗ್ಗೆ, ಸ್ನಾನವಾಗಿ ವಿಭೂತಿ ಹಚ್ಚಿಕೊಂಡ ಮೇಲೆ. ಆಯಿ ಮೊದಲ ದಿನವೇ ಮಣೆಯನ್ನು ತಮಗೆ ಬೇಕಾದ ಕಡೆಗೆ ತಿರುಗಿಸಿಕೊಂಡರು. ಅಂಗೈ ಮೇಲ್ಮುಖವಾಗಿ, ಸ್ವಲ್ಪ ಬೊಗಸೆಯಾಗಿ, ಇನ್ನೂ ಅಲ್ಲಿ ಏನೋ ಇರುವಂತೆ. ತೋಳಿನ ಮೇಲೆ ಭಾರ, ಮಂಡಿಗೆ ಬರುವುದು, ಎಡ ಪಾದ ಮುಂದೆ, ಬಲಗೈ ಮಂಚದ ಅಂಚಿಗೆ. ಯಾವ ಪುಸ್ತಕದಲ್ಲೂ ಇಲ್ಲದ ಏಳುವಿಕೆ ಅದು. ಆ ಮನೆಯಲ್ಲಿ, ಆ ಕಾಲಿಗೆ, ಆ ಕೈಗೆ ಮಾತ್ರ ಹೊಂದುವಂಥದ್ದು. ಅದನ್ನು ನಾವಿಬ್ಬರೂ ಸೇರಿ ಮಾಡಿದೆವು. ಓದಿದ್ದಕ್ಕೆ ಸಾರ್ಥಕವಾಯಿತೆಂದು ನನಗೆ ಅನ್ನಿಸಿದ ಕೆಲಸ ಅದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಬಾಗಿಲಿನ ಬಗ್ಗೆ ಒಂದು ಜಗಳ ನಡೆಯಿತು. ಆಯಿಗೆ ಒಳಗಿನಿಂದ ಚಿಲಕ ಬೇಕು. ಮಗ ಬಾಗಿಲೇ ಬೇಡ ಎಂದರು. ಬಾಗಿಲು ಪೂರ್ತಿ ಮುಚ್ಚುವುದು, ಚಿಲಕ ಹಾಕದಿರುವುದು ಎಂದು ನಾನು ಹೇಳಿದೆ. "ಚಿಲಕಾ ಮುಂದ ನೋಡೂಣು" ಎಂದರು ಆಯಿ, ನನ್ನ ಮೇಲೆ ದಯೆ ತೋರಿದವರಂತೆ.

ಮುಂದಿನ ಸೋಮವಾರ ಬೆಳಿಗ್ಗೆ ಅವರು ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ನಾನೂ ಶಕುಂತಲಾಬಾಯಿಯೂ ಹೊರಗೆ ನಿಂತೆವು. ಗುರುನಾಥಪ್ಪ ಅಂಗಡಿಗೆ ಹೋಗದೆ ಪಡಸಾಲೆಯ ಆ ಕೊನೆಯಲ್ಲಿ ಪೇಪರು ಹಿಡಿದು ಕುಳಿತಿದ್ದರು, ಪುಟ ಮಗುಚದೆ. ಒಳಗೆ ನೀರು ತಟ್ಟೆಗೆ ಬೀಳುವ ಸದ್ದು ಕೇಳಿಸಿತು. ಆಮೇಲೆ ಆಯಿಯ ದನಿ, ತೀರ ಸಣ್ಣಗೆ, ಯಾರೊಂದಿಗೋ ಮನೆಯ ವಿಷಯ ಮಾತಾಡುವಂತೆ. ಮಾತು ತಿಳಿಯಲಿಲ್ಲ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು, ಕೇಳಿಸದಷ್ಟು ದೂರ ಹಿಂದೆ ಸರಿದೆವು.

ಶಕುಂತಲಾಬಾಯಿ ಚಹಾ ತಂದರು. ಚಹಾ ಕೈಯಲ್ಲೇ ಆರಿತು.

ಒಳಗೆ ಮಂಚದ ಕಾಲು ಕಲ್ಲಿಗೆ ಉಜ್ಜಿದ ಸದ್ದು. ಒಮ್ಮೆ. ಇನ್ನೊಮ್ಮೆ, ಜೋರಾಗಿ. ಶಕುಂತಲಾಬಾಯಿ ಒಂದೇ ಹೆಜ್ಜೆಗೆ ಬಾಗಿಲಿಗೆ ಹೋಗಿ ಅದರ ಮೇಲೆ ಕೈ ಇಟ್ಟರು. ಆ ಕೈಯ ಮೇಲೆ ನಾನು ಕೈ ಇಟ್ಟೆ.  

"ಒಳಗ ಹೋಗೂಣ್ರಿ."

"ಜರಾ ತಡೀರಿ."

"ಬಿದ್ರ ಯಾರರೀ ಹೊಣಿ? ನೀವು ಹೋಗ್ತೀರಿ ಬೀದರಿಗಿ. ನಾ ಇಲ್ಲೇ ಇರಬೇಕು."

ಆ ಮಾತು ನಿಜ. ಆದರೂ ಕೈ ತೆಗೆಯಲಿಲ್ಲ. "ಆಯಿ?" ಎಂದೆ, ಬಾಗಿಲಿಗೆ ಬಾಯಿ ಹಚ್ಚಿ.

ಉಸಿರು ಕಟ್ಟಿದ, ಸಿಟ್ಟಿನ ದನಿ ಬಂತು: "ಯಾರೂ ಬರಬ್ಯಾಡ್ರಿ! ಅರ್ಧಾ ಎದ್ದೇನಿ."

ಶಕುಂತಲಾಬಾಯಿ ನಕ್ಕರೋ ಅತ್ತರೋ ಗೊತ್ತಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡರು. ಪಡಸಾಲೆಯ ಆ ಕೊನೆಯಲ್ಲಿ ಪೇಪರು ಕೆಳಗಿಳಿಯಿತು. ಮಂಚ ಕಿರ್ರೆಂದಿತು. ಆಮೇಲೆ ಕೋಲಿನ ಸದ್ದು, ಒಂದು ಹೆಜ್ಜೆ, ಮತ್ತೆ ಕೋಲು.

ಬಾಗಿಲು ಒಳಗಿನಿಂದ ತೆರೆಯಿತು. ಆಯಿ ಹಣೆಯ ಮೇಲೆ ವಿಭೂತಿ, ಅದರ ಕೆಳಗೆ ಬೆವರು, ನೆಟ್ಟಗೆ ನಿಂತಿದ್ದರು. ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು.

"ಬಾಗಲಕ್ಕ ಅಡ್ಡ ಯಾಕ ನಿಂತೀರಿ ಇಬ್ಬರೂ? ಸರೀರಿ. ಬಿಸಲಿಗಿ ಹೋಗ್ತೇನಿ."

ನಾವು ಸರಿದು ದಾರಿ ಬಿಟ್ಟೆವು.